ರಿಯಾದಿನ ಗಾಜಿನ ತೊಟ್ಟಿಯಲ್ಲಿ ಕಾಂಡ್ಲಾ



ರಿಯಾದ್ ನಗರವು ಕಡಲಿನಿಂದ ಸುಮಾರು 400 ಕಿಲೋಮೀಟರ್ ಒಳಗೆ, ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆದರೂ ಅಲ್ಲಿನ ಅಡುಗೆಮನೆಯ ನಲ್ಲಿಯಲ್ಲಿ ಸುರಿಯುವ ನೀರಿನ ದೊಡ್ಡ ಪಾಲು ಕಡಲಿನದೇ. ಜುಬೈಲ್ ಮತ್ತು ರಾಸ್ ಅಲ್-ಖೈರ್ ತೀರದ ಸ್ಥಾವರಗಳಲ್ಲಿ ಕೊಲ್ಲಿಯ ನೀರಿನಿಂದ ಉಪ್ಪನ್ನು ತೆಗೆದು, ಮರುಭೂಮಿಯನ್ನು ದಾಟಿಸಿ, ಏರುದಾರಿಯಲ್ಲಿ ಪಂಪು ಮಾಡಿ ಅದನ್ನು ರಾಜಧಾನಿಗೆ ತರಲಾಗುತ್ತದೆ. ಇಷ್ಟು ಶ್ರಮದಿಂದ ಉಪ್ಪು ಕಳೆದುಕೊಂಡು ಬಂದ ನೀರಿಗೆ ಮತ್ತೆ ಉಪ್ಪು ಬೆರೆಸಿ, ಮಲಗುವ ಕೋಣೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು, ಅದರ ಮರಳಿನಲ್ಲಿ ಕಾಂಡ್ಲಾ ಗಿಡ ಬೆಳೆಸುವವನನ್ನು ಕಂಡರೆ ಯಾರಿಗಾದರೂ ನಗು ಬರುವುದು ಸಹಜ. ಆ ನಗುವನ್ನು ತುಸು ತಡೆದು, ಈ ಹವ್ಯಾಸದ ಒಳಹೊರಗನ್ನು ನೋಡುವುದು ಈ ಉಪನ್ಯಾಸದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. ಪಠ್ಯಪುಸ್ತಕದ ಕನ್ನಡ ಈ ಮರಗಳನ್ನು ಮ್ಯಾಂಗ್ರೋವ್ ಎಂದೇ ಕರೆದು ಕೈತೊಳೆದುಕೊಳ್ಳುತ್ತದೆ. ಕರಾವಳಿಯ ಕನ್ನಡಕ್ಕೆ ಅಂಥ ಬಡತನವಿಲ್ಲ. ಕುಂದಾಪುರದಿಂದ ಕಾರವಾರದವರೆಗೆ ಅದು ಕಾಂಡ್ಲಾ. ಗಡಿಯಾಚೆ ಕಾಸರಗೋಡು, ಕಣ್ಣೂರುಗಳಲ್ಲಿ ಕಂಡಲ್. 17ನೆಯ ಶತಮಾನದಲ್ಲಿ ಡಚ್ಚರ ಕಾಲದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥ ಈ ಮಲಯಾಳಂ ಹೆಸರನ್ನು ದಾಖಲಿಸಿತು. ‘ಕ್ಯಾಂಡೆಲಿಯಾ’ ಎಂಬ ಸಸ್ಯಕುಲದ ಹೆಸರು ಅಲ್ಲಿಂದಲೇ ಬಂದದ್ದು. ಸೌದಿಯ ಕೆಂಪು ಸಮುದ್ರದ ತೀರದಲ್ಲಿ, ಫರಸಾನ್ ದ್ವೀಪಗಳಲ್ಲಿ, ಬೇರುಗಾಲುಗಳ ಮೇಲೆ ನಿಲ್ಲುವ ರೈಝೋಫೋರಾ ಮರವನ್ನು ಅರಬ್ಬಿಯಲ್ಲಿ ಕಂದಲ್ ಎನ್ನುತ್ತಾರೆ. ಕುವೈತ್, ಬಹರೈನ್, ದುಬೈಗಳ ಹಳೆಯ ಮನೆಗಳ ಮಾಳಿಗೆಗೆ ಹಾಕುತ್ತಿದ್ದ ತೊಲೆಯ ಹೆಸರು ಚಂದಲ್. ಆ ತೊಲೆಗಳು ಪೂರ್ವ ಆಫ್ರಿಕದ ಲಾಮು, ರುಫಿಜಿ ಅಳಿವೆಗಳಿಂದ ಹಾಯಿಹಡಗುಗಳಲ್ಲಿ ಬರುತ್ತಿದ್ದ ಕಾಂಡ್ಲಾ ಗಳುಗಳೇ. ಕೊಲ್ಲಿಯ ಹಳೆಯ ಮನೆಗಳ ಕೋಣೆಗಳು ಅಷ್ಟು ಕಿರಿದಾಗಿರುವುದಕ್ಕೆ ಮುಖ್ಯ ಕಾರಣ ಈ ಗಳುಗಳ ಉದ್ದ. ಅವು ಅಡ್ಡ ಹಾಯುವಷ್ಟೇ ಕೋಣೆಯ ಅಗಲ. ರಿಯಾದ್ ಇರುವ ನಜ್ದ್ ಪ್ರಾಂತ್ಯದ ಮಣ್ಣಿನ ಮನೆಗಳದ್ದು ಬೇರೆ ಕಥೆ. ಅಲ್ಲಿ ಒಣನೆಲದ ಅಥ್ಲ್ ಮರದ ತೊಲೆ, ಮೇಲೆ ಖರ್ಜೂರದ ಗರಿ. ಕಡಲಿನ ಮರಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಇನ್ನೊಂದು ಕುಲದ ಹೆಸರಂತೂ ಇನ್ನೂ ಸ್ವಾರಸ್ಯಕರ. ಸೌದಿಯ ಎರಡೂ ಕಡಲತೀರಗಳಲ್ಲಿ ಬೆಳೆಯುವ, ಕೊಲ್ಲಿಯ ತೀರದಲ್ಲಂತೂ ತಾನೊಂದೇ ಉಳಿದಿರುವ ಬೂದುಬಣ್ಣದ ಕಾಂಡ್ಲಾ ಅವಿಸೆನ್ನಿಯಾ ಮರೀನಾ. ಅರಬ್ಬಿಯಲ್ಲಿ ಅದು ಕುರ್ಮ್, ಕೆಂಪು ಸಮುದ್ರದ ಕಡೆ ಶೂರಾ. ಲಿನ್ನೇಯಸ್ ಈ ಕುಲಕ್ಕೆ ಹೆಸರಿಟ್ಟದ್ದು ಇಬ್ನ್ ಸೀನಾನ ಲ್ಯಾಟಿನ್ ರೂಪವಾದ ಅವಿಸೆನ್ನಾ ಎಂಬುದರಿಂದ. 11ನೆಯ ಶತಮಾನದ ಮುಸ್ಲಿಂ ವೈದ್ಯನೊಬ್ಬನ ಹೆಸರು ಮಲ್ಪೆಯಲ್ಲೂ ಕುಮಟೆಯಲ್ಲೂ ಕೆಸರಿನಲ್ಲಿ ನಿಂತಿದೆ. ಹೆಸರು ಬದಲಾವಣೆಯ ಹುರುಪಿನವರು ಇದನ್ನಿನ್ನೂ ಗಮನಿಸಿದಂತಿಲ್ಲ.

ರಿಯಾದಿನ ಬತ್ಹಾ, ಮಲಾಝ್ ಬಡಾವಣೆಗಳ ಫ್ಲ್ಯಾಟುಗಳಲ್ಲಿ ಕರಾವಳಿ ಕರ್ನಾಟಕದವರು ದಶಕಗಳಿಂದ ಬದುಕುತ್ತಿದ್ದಾರೆ. ಕುಂದಾಪುರದ ಪಂಚಗಂಗಾವಳಿಯ ದಂಡೆಯಲ್ಲಿ, ಅಘನಾಶಿನಿಯ ಗಜನಿ ಗದ್ದೆಗಳ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ಕಾಂಡ್ಲಾ ಎಂದರೆ ಪ್ರವಾಸೋದ್ಯಮದ ಭಿತ್ತಿಪತ್ರವಲ್ಲ. ಅದು ಗದ್ದೆಯ ಕಟ್ಟೆಯನ್ನು ಹಿಡಿದು ನಿಲ್ಲಿಸುವ ಬೇರು, ಅದರ ನೆರಳಿನಲ್ಲಿ ಮರಿಮಾಡುವ ಮೀನು, ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಆಯುವ ಬಳಚು. ಅಂಥವನೊಬ್ಬನಿಗೆ ಸಮುದ್ರವಿಲ್ಲದ ಊರಿನಲ್ಲಿ ಒಂದು ಕಾಂಡ್ಲಾ ಗಿಡವಾದರೂ ಇರಲಿ ಎನ್ನಿಸಿದರೆ ಅದನ್ನು ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ವಲಸಿಗರ ಹಳಹಳಿಕೆಯನ್ನು ಅನುಮಾನದಿಂದ ನೋಡಬೇಕೆಂಬುದೂ ಸರಿಯೇ. ಅದು ಎಷ್ಟೋ ವೇಳೆ ಊರಿನ ಜಾತಿ, ಜಮೀನು, ಜಗಳಗಳನ್ನೆಲ್ಲ ತೊಳೆದು ಬರೀ ಹಸುರನ್ನು ಉಳಿಸಿಕೊಳ್ಳುತ್ತದೆ. ಆದರೆ ಗಿಡವನ್ನು ನಿಜವಾಗಿ ಬೆಳೆಸಲು ಹೊರಟವನಿಗೆ ಹಳಹಳಿಕೆಯಿಂದ ಹೆಚ್ಚು ದಿನ ಕೆಲಸ ನಡೆಯುವುದಿಲ್ಲ. ಅವನು ಉಪ್ಪನ್ನು ಅಳೆಯಬೇಕಾಗುತ್ತದೆ.

ಕಾಂಡ್ಲಾ ಗಿಡಕ್ಕೆ ಉಪ್ಪೆಂದರೆ ಪ್ರೀತಿ ಎಂಬುದು ಎಲ್ಲರೂ ನಂಬಿರುವ ಮಾತು. ಅದು ನಿಜವಲ್ಲ. ರೈಝೋಫೋರಾದ ಮೊಳಕೆಯನ್ನು ಸಿಹಿನೀರಿನಲ್ಲಿಟ್ಟರೂ ಅದು ಬೆಳೆಯುತ್ತದೆ. ಅದು ಚೆನ್ನಾಗಿ ಬೆಳೆಯುವುದು ಕಡಲಿನ ಪೂರ್ಣ ಉಪ್ಪಿನಲ್ಲೂ ಅಲ್ಲ, ನದಿಯೂ ಕಡಲೂ ಬೆರೆಯುವ ಚೌಳು ನೀರಿನಲ್ಲಿ. ಕಡಲಂಚಿನಲ್ಲಿ ಅದು ನಿಂತಿರುವುದಕ್ಕೆ ಕಾರಣ, ಬೇರೆ ಮರಗಳು ಅಲ್ಲಿ ಬದುಕಲಾರವು, ಇದು ಬದುಕಬಲ್ಲದು. ಬದುಕುವುದಕ್ಕೂ ಅದು ಬೆಲೆ ತೆರುತ್ತದೆ. ರೈಝೋಫೋರಾ ತನ್ನ ಬೇರಿನಲ್ಲೇ ಉಪ್ಪಿನ ಬಹುಪಾಲನ್ನು ಸೋಸಿ ಹೊರಗೆ ನಿಲ್ಲಿಸುತ್ತದೆ. ಅವಿಸೆನ್ನಿಯಾ ಒಂದಿಷ್ಟು ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲಿನ ದಿನ ಅದರ ಎಲೆಯನ್ನು ಬೆರಳಿನಿಂದ ಸವರಿದರೆ ಹರಳು ಹರಳು ಉಪ್ಪು ಸಿಗುತ್ತದೆ. ಈ ಎರಡೂ ಕೆಲಸಗಳಿಗೆ ಶಕ್ತಿ ಬೇಕು. ಆ ಶಕ್ತಿ ಬೆಳವಣಿಗೆಯಿಂದ ಕಡಿತವಾಗುತ್ತದೆ. ಆದುದರಿಂದಲೇ ಕೊಲ್ಲಿಯ ಅತಿ ಉಪ್ಪಿನ ತೀರದ ಕಾಂಡ್ಲಾ ಎಷ್ಟೋ ಕಡೆ ಆಳೆತ್ತರವನ್ನೂ ದಾಟದೆ ಪೊದೆಯಾಗಿಯೇ ಉಳಿಯುತ್ತದೆ. ತಾಳಿಕೊಳ್ಳುವುದನ್ನು ಒಗ್ಗುವುದೆಂದು ಓದುವ ತಪ್ಪು ಗಿಡದ ವಿಷಯದಲ್ಲಿ ಮಾತ್ರ ನಡೆಯುವುದಿಲ್ಲ. ‘ನಿಮ್ಮವರಿಗೆ ಬಿಸಿಲು ರೂಢಿ’ ಎಂಬ ಮಾತನ್ನು ಕೊಲ್ಲಿಯ ಕಟ್ಟಡ ಕೆಲಸದ ಜಾಗಗಳಲ್ಲಿ ಕೇಳದವರು ಕಡಿಮೆ. ಅದೇ ದೇಶದ ಕಾನೂನು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಹಗಲು 12ರಿಂದ 3ರವರೆಗೆ ಬಯಲಿನ ಕೆಲಸವನ್ನು ನಿಷೇಧಿಸುತ್ತದೆ.

ಹಾಗಾದರೆ ತೊಟ್ಟಿಯ ನೀರಿನಲ್ಲಿ ಉಪ್ಪು ಎಷ್ಟಿರಬೇಕು? ಸಾಮಾನ್ಯ ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕೊಲ್ಲಿಯಲ್ಲಿ 40 ಗ್ರಾಂ ದಾಟುತ್ತದೆ. ಚೌಳು ನೀರಿನ ತೊಟ್ಟಿಗೆ ಲೀಟರಿಗೆ 7ರಿಂದ 15 ಗ್ರಾಂ ಸಾಕು. 200 ಲೀಟರಿನ ತೊಟ್ಟಿಯನ್ನು 10 ಗ್ರಾಂ ಮಟ್ಟದಲ್ಲಿಡಲು ಬೇಕಾಗುವುದು 2 ಕಿಲೋ ಉಪ್ಪು. ಅಡುಗೆ ಉಪ್ಪು ಇದಕ್ಕೆ ಹೊಂದುವುದಿಲ್ಲ. ಅದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಗಿಡಕ್ಕೂ ಮೀನಿಗೂ ಬೇಕು. ಆದುದರಿಂದ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣವನ್ನೇ ಕೊಳ್ಳಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಕಲ್ಲುಪ್ಪನ್ನು ಊರಿಂದ ತಂದು ಹಾಕಬಹುದಲ್ಲ ಎಂಬ ಭಾವುಕ ಪ್ರಶ್ನೆ ಇಲ್ಲಿ ಏಳುತ್ತದೆ. ಕಡಲ ನೀರು ಬತ್ತಿ ಹರಳುಗಟ್ಟುವಾಗ ಕೂಡುವುದು ಬಹುಪಾಲು ಅಡುಗೆ ಉಪ್ಪು. ಮೆಗ್ನೀಸಿಯಂನ ಲವಣಗಳು ಉಳಿದ ಕಹಿನೀರಿನಲ್ಲಿ ಹೊರಟುಹೋಗುತ್ತವೆ. 1930ರಲ್ಲಿ ಅಂಕೋಲೆಯ ಜನ ಸಾಮ್ರಾಜ್ಯದ ವಿರುದ್ಧ ಕೈಗೆತ್ತಿಕೊಂಡ ಉಪ್ಪಾದರೂ ಸರಿ, ಮೀನಿನ ತೊಟ್ಟಿಗೆ ಅದು ಅಪೂರ್ಣವೇ.

ಉಪ್ಪು ಬೆರೆಸುವುದಕ್ಕಿಂತ ಕಷ್ಟವಾದುದು ಅದನ್ನು ಒಂದೇ ಮಟ್ಟದಲ್ಲಿ ಉಳಿಸುವುದು. ಹೊಸಬರು ಸೋಲುವುದು ಇಲ್ಲಿಯೇ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ರಿಯಾದಿನ ಬೇಸಗೆಯ ಗಾಳಿಯಲ್ಲಿ ತೇವಾಂಶ ಎಷ್ಟೋ ದಿನ ನೂರಕ್ಕೆ 10ರ ಆಸುಪಾಸಿನಲ್ಲಿರುತ್ತದೆ. ಮೇಲೆ ಹಗಲಿರುಳು ಎ.ಸಿ. ತೆರೆದ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ನೀರು ಹೋಯಿತೆಂದುಕೊಳ್ಳೋಣ. ಅದನ್ನು ತುಂಬಿಸುವಾಗ, ತೊಟ್ಟಿಯ ನೀರು ಉಪ್ಪಿನದಲ್ಲವೇ ಎಂದು, ಅದೇ 10 ಗ್ರಾಂ ಮಟ್ಟದ ಉಪ್ಪುನೀರನ್ನು ಸುರಿಯುತ್ತ ಹೋದರೆ ದಿನಕ್ಕೆ 20 ಗ್ರಾಂ ಉಪ್ಪು ಹೆಚ್ಚುವರಿಯಾಗಿ ಸೇರುತ್ತದೆ. 100 ದಿನಕ್ಕೆ 2 ಕಿಲೋ. ಅಂದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ತೊಟ್ಟಿಯ ಉಪ್ಪು ಇಮ್ಮಡಿ. ಆರಂಭದ ಎರಡು ಎಲೆಗಳನ್ನು ಬಿಟ್ಟ ಗಿಡ ಏಕಾಏಕಿ ನಿಂತುಹೋಗುತ್ತದೆ, ಬೆಳೆಸಿದವನು ಬೆಳಕನ್ನೂ ಮರಳನ್ನೂ ದೂರುತ್ತಾನೆ. ತುಂಬಿಸಬೇಕಾದದ್ದು ಸಿಹಿನೀರು. ಎರಡು ವಾರಕ್ಕೊಮ್ಮೆ ಒಂದಿಷ್ಟು ನೀರನ್ನು ಹೊರತೆಗೆದು ಬದಲಾಯಿಸುವಾಗ ಮಾತ್ರ ಉಪ್ಪು ಬೆರೆಸಿದ ನೀರು. ಅಳತೆಗೆ ಒಂದು ರಿಫ್ರ್ಯಾಕ್ಟೋಮೀಟರ್, ಬರೆದಿಡಲು ಒಂದು ನೋಟುಪುಸ್ತಕ.

ಈ ಲೆಕ್ಕ ಬರೀ ತೊಟ್ಟಿಯದಲ್ಲ. ಕೊಲ್ಲಿಯೇ ಒಂದು ದೊಡ್ಡ ತೊಟ್ಟಿ. ಅದರ ಸರಾಸರಿ ಆಳ 35 ಮೀಟರಿನಷ್ಟು ಮಾತ್ರ. ಹೊರಗಿನ ಕಡಲಿಗೆ ಇರುವ ಬಾಗಿಲು ಹೊರ್ಮುಝ್ ಜಲಸಂಧಿಯೊಂದೇ. ಮಳೆಯೂ ನದಿಯೂ ತರುವ ನೀರಿಗಿಂತ ಆವಿಯಾಗುವ ನೀರು ಎಷ್ಟೋ ಪಟ್ಟು ಹೆಚ್ಚು. ಇದರ ಮೇಲೆ ತೀರದುದ್ದಕ್ಕೂ ನಿಂತ ಸ್ಥಾವರಗಳು ಸಿಹಿನೀರನ್ನು ಹೀರಿಕೊಂಡು, ಪ್ರತಿ ಲೀಟರಿಗೆ ಒಂದು ಲೀಟರಿಗೂ ಹೆಚ್ಚಿನ ಗಟ್ಟಿ ಉಪ್ಪುನೀರನ್ನು ಮರಳಿ ಕಡಲಿಗೆ ಬಿಡುತ್ತವೆ. ರಿಯಾದಿನ ನಲ್ಲಿಯಲ್ಲಿ ಬಂದ ಸಿಹಿಯ ಪಾಲಿನ ಉಪ್ಪು ಎಲ್ಲೋ ಮಾಯವಾಗಿಲ್ಲ. ಅದು ಜುಬೈಲಿನ ಕಡಲಿನಲ್ಲಿದೆ.

ಇನ್ನು ಮರಳು. ಕಾಂಡ್ಲಾ ಎಂದರೆ ಕೆಸರು ಎಂದೇ ಕರಾವಳಿಯವರ ಅನುಭವ. ಮೊಣಕಾಲವರೆಗೆ ಹೂತುಹೋಗುವ, ಕೊಳೆತ ಮೊಟ್ಟೆಯ ವಾಸನೆಯ ಕರಿಕೆಸರು. ಅದನ್ನು ಕೋಣೆಯಲ್ಲಿಟ್ಟರೆ ಮನೆಯವರು ಗಿಡವನ್ನೂ ಬೆಳೆಸುವವನನ್ನೂ ಒಟ್ಟಿಗೆ ಹೊರಹಾಕುತ್ತಾರೆ. ಮರಳಿನಲ್ಲಿ ಬೆಳೆಸುವುದು ಅಸಹಜವೂ ಅಲ್ಲ. ಕೆಂಪು ಸಮುದ್ರದ ತೀರಕ್ಕೆ ನದಿಗಳೇ ಇಲ್ಲವಾದ್ದರಿಂದ ಹೂಳು ತಂದುಹಾಕುವವರೂ ಇಲ್ಲ. ಅಲ್ಲಿನ ಕಾಂಡ್ಲಾ ಎಷ್ಟೋ ಕಡೆ ಹವಳದ ಬಂಡೆಯ ಮೇಲಿನ ತೆಳುವಾದ ಮರಳಿನಲ್ಲೇ ಬೇರುಬಿಟ್ಟಿದೆ. ಬಡವಾದ ನೆಲ, ಕುಳ್ಳ ಮರ. ಜಿದ್ದಾದ ಉತ್ತರಕ್ಕಿರುವ ತುವಲ್‌ನ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಸಂಶೋಧಕರು ಈ ಕುಳ್ಳತನದ ಹಿಂದೆ ಪೋಷಕಾಂಶಗಳ, ಅದರಲ್ಲೂ ಕಬ್ಬಿಣದ, ಕೊರತೆಯನ್ನು ಗುರುತಿಸಿದ್ದಾರೆ.

ರಿಯಾದಿನವರಿಗೆ ಮರಳಿಗೇನು ಬರ ಎನ್ನಬಹುದು. ನಗರದಿಂದ ಒಂದು ಗಂಟೆ ಕಾರು ಓಡಿಸಿದರೆ ಕೆಂಪು ಮರಳಿನ ದಿಬ್ಬಗಳು. ವಾರಾಂತ್ಯದ ವಿಹಾರಕ್ಕೆ ಹೋದವರು ಚೀಲದಲ್ಲಿ ತುಂಬಿಕೊಂಡು ಬರುವುದೂ ಉಂಟು. ಆದರೆ ಗಾಳಿ ಉರುಳಿಸಿ ಉರುಳಿಸಿ ನುಣುಪಾಗಿಸಿದ ಆ ಕಣಗಳು ಬಲು ಸಣ್ಣವು; ನೀರಿನಡಿ ಒತ್ತಾಗಿ ಕೂತು ಉಸಿರುಗಟ್ಟಿಸುತ್ತವೆ. ಮೇಲಿನ ಧೂಳು ಎಷ್ಟು ತೊಳೆದರೂ ನೀರನ್ನು ಕೆಂಪಾಗಿಸುತ್ತದೆ. ಆ ಕೆಂಪು ಕಬ್ಬಿಣದ್ದೇ ಆದರೂ ತುಕ್ಕಿನ ರೂಪದಲ್ಲಿ ಕಣಕ್ಕೆ ಅಂಟಿಕೊಂಡಿರುವುದರಿಂದ ಗಿಡಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅಂಗಡಿಯ ಹವಳದ ಮರಳು, ಅಂದರೆ ಸುಣ್ಣದಂಶದ ಅರಗೊನೈಟ್ ಮರಳು, ದುಬಾರಿಯಾದರೂ ನೀರಿನ ಕ್ಷಾರಗುಣವನ್ನು ಕಾಪಾಡುತ್ತದೆ. ಸಾಸಿವೆ ಗಾತ್ರಕ್ಕಿಂತ ತುಸು ಚಿಕ್ಕ ಕಣ, 10ರಿಂದ 15 ಸೆಂಟಿಮೀಟರ್ ಆಳ. ಆಳದ ಪದರದಲ್ಲಿ ಆಮ್ಲಜನಕ ತೀರಿಹೋಗಿ ಕಪ್ಪುಕಲೆ ಮೂಡುತ್ತದೆ, ಊರಿನ ಕೆಸರಿನ ವಾಸನೆಯ ಅದೇ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಹುಟ್ಟುತ್ತದೆ. ಇದರಿಂದ ಗಾಬರಿಗೊಂಡು ಮರಳನ್ನು ಕಲಕುವವರೇ ಮೀನುಗಳನ್ನು ಕೊಲ್ಲುವುದು. ಕಲಕದೆ ಬಿಟ್ಟರೆ ಅದು ಇದ್ದಲ್ಲೇ ಇರುತ್ತದೆ. ಮರಳಿನೊಳಗೆ ನುಸುಳಿ ಓಡಾಡುವ ಚೌಳುನೀರಿನ ಬಸವನಹುಳುಗಳನ್ನು ಬಿಟ್ಟರೆ ಮೇಲಿನ ಪದರ ಸಡಿಲವಾಗಿರುತ್ತದೆ. ಕಾಂಡ್ಲಾದ ಬೇರೂ ತಾನೇ ಗಾಳಿಯನ್ನು ಕೆಳಗೆ ಒಯ್ದು ತನ್ನ ಸುತ್ತಲಿನ ಮರಳಿಗೆ ಒಂದಿಷ್ಟು ಆಮ್ಲಜನಕ ಸೋರಿಸುತ್ತದೆ; ಗಾಜಿಗೆ ಅಂಟಿಕೊಂಡು ಇಳಿದ ಬೇರಿನ ಸುತ್ತ ಕಪ್ಪು ಮರಳು ತಿಳಿಯಾಗಿ ಕಾಣುವುದನ್ನು ತಿಂಗಳುಗಟ್ಟಲೆ ನೋಡಬಹುದು. ಅಳಿವೆಯಲ್ಲಿ ಯಾರಿಗೂ ಕಾಣದ ಈ ಕೆಲಸ ಗಾಜಿನ ಹಿಂದೆ ಕಾಣುತ್ತದೆಂಬುದು, ಬಹುಶಃ, ಈ ಹವ್ಯಾಸದ ಪರವಾಗಿ ಹೇಳಬಹುದಾದ ಬಲವಾದ ಮಾತು.

ನೆಡುವುದು ಸರಳ. ರೈಝೋಫೋರಾದ ಬೀಜ ತಾಯಿಮರದಲ್ಲಿ ನೇತಾಡುತ್ತಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದನೆಯ ಕೋಲಾಗಿ ಇಳಿದು, ಪಕ್ವವಾದಾಗ ಬೀಳುತ್ತದೆ. ಒದ್ದೆ ಕಾಗದದಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಬದುಕಿರುತ್ತದೆ, ಏಕೆಂದರೆ ಬೇಕಾದ ಬುತ್ತಿಯೆಲ್ಲ ಆ ಕೋಲಿನಲ್ಲೇ ಇದೆ. ಚೂಪಾದ ತುದಿ ಮೇಲೆ, ದಪ್ಪನೆಯ ಬುಡ ಕೆಳಗೆ. ಎಷ್ಟೋ ಜನ ಇದನ್ನು ತಿರುವುಮುರುವಾಗಿ ನೆಟ್ಟು ಕಾಯುತ್ತಾರೆ. ಬುಡವನ್ನು ನಾಲ್ಕೈದು ಸೆಂಟಿಮೀಟರ್ ಮಾತ್ರ ಮರಳಿಗೆ ಇಳಿಸಿ, ಎಲೆ ಒಡೆಯುವ ತುದಿ ಸದಾ ನೀರಿನ ಮೇಲಿರುವಂತೆ ನೋಡಿಕೊಳ್ಳಬೇಕು. ಮೊದಲು ಬೇರು, ತಡವಾಗಿ ಎಲೆ. ಎರಡು ಮೂರು ತಿಂಗಳು ಏನೂ ನಡೆಯದಂತೆ ಕಾಣುವ ಈ ಅವಧಿಯಲ್ಲಿ ಗೊಬ್ಬರ ಹಾಕುವುದೂ ಕಿತ್ತು ನೋಡುವುದೂ ಎರಡೂ ಬೇಡ. ಸಿಹಿನೀರಿನಲ್ಲಿ ಮೊಳೆಯಿಸಿದ ಗಿಡವಾದರೆ ವಾರಕ್ಕೆ ಲೀಟರಿಗೆ ಒಂದೆರಡು ಗ್ರಾಂನಂತೆ ಉಪ್ಪನ್ನು ಏರಿಸುತ್ತ ಹೋಗಬೇಕು. ಗಿಡವನ್ನು ನೇರವಾಗಿ ಮರಳಿಗೆ ನೆಡುವ ಬದಲು, ರಂಧ್ರಗಳಿರುವ ಅಗಲವಾದ ಕುಂಡದಲ್ಲಿ ನೆಟ್ಟು ಕುಂಡವನ್ನು ಮರಳಿನಲ್ಲಿ ಹುದುಗಿಸುವುದು ಮೇಲು. ಅದರ ಕಾರಣ ಮುಂದೆ ಬರುತ್ತದೆ.

ರಿಯಾದಿನ ನೀರಿಗೂ ಒಂದು ಗುಟ್ಟಿದೆ. ಮನೆಗಳ ನೀರಿನ ಟ್ಯಾಂಕಿ ಮಾಳಿಗೆಯ ಮೇಲೆ, ಬಿಸಿಲಿನಲ್ಲಿ. ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಹಳಬರು ಬೇಸಗೆಯಲ್ಲಿ ಗೀಸರಿನ ಸ್ವಿಚ್ಚನ್ನು ಆರಿಸಿ, ಮನೆಯೊಳಗೆ ಎ.ಸಿ.ಯ ತಂಪಿನಲ್ಲಿ ಕುಳಿತ ಆ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನದರಲ್ಲಿ ಬಿಸಿ. ತೊಟ್ಟಿಗೆ ಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಒಂದು ರಾತ್ರಿ ಬಿಟ್ಟು ಬಳಸಿದರೆ ಎರಡೂ ತೊಂದರೆಗಳು ನೀಗುತ್ತವೆ. ಎ.ಸಿ.ಯ ಗಾಳಿ ನೇರವಾಗಿ ಎಲೆಗೆ ಬಡಿಯಬಾರದು. ಬಡಿದರೆ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ದಿನಕ್ಕೊಮ್ಮೆ ಸಿಹಿನೀರನ್ನು ಎಲೆಗೆ ಸಿಂಪಡಿಸಬೇಕು. ಅವಿಸೆನ್ನಿಯಾ ಆದರೆ ಇದು ಕಡ್ಡಾಯವೆಂದೇ ತಿಳಿಯಬೇಕು, ಎಲೆಯ ಉಪ್ಪನ್ನು ತೊಳೆಯಲು ಅಲ್ಲಿ ಮಳೆ ಬರುವುದಿಲ್ಲ. ಚಳಿಗಾಲದ ಬಿಸಿಲು ಹಿತವೆಂದು ಗಿಡವನ್ನು ಮಾಳಿಗೆಗೆ ಒಯ್ಯುವವರು ರಾತ್ರಿ ಮರೆಯಬಾರದು. ಜನವರಿಯ ಇರುಳಿನಲ್ಲಿ ರಿಯಾದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮೀನುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊಲಿ ಮೀನು ಉಪ್ಪಿಗೂ ಸಿಹಿಗೂ ಸಲ್ಲುತ್ತದೆ, ಅಗ್ಗವೂ ಹೌದು, ಅದರ ಮಲವೇ ಗಿಡಕ್ಕೆ ಗೊಬ್ಬರ.

ಪ್ರಗತಿಪರರ ಸಭೆಯಲ್ಲಿ ಸಹಜವಾಗಿ ಏಳುವ ಆಕ್ಷೇಪವೊಂದಿದೆ: ಇಷ್ಟು ದುಬಾರಿಯ ನೀರನ್ನು ಷೋಕಿಗೆ ಸುರಿಯುವುದು ಎಷ್ಟು ಸರಿ? ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 2 ಲೀಟರಿನಂತೆ ವರ್ಷಕ್ಕೆ 730 ಲೀಟರ್. ರಿವರ್ಸ್ ಆಸ್ಮೋಸಿಸ್ ಸ್ಥಾವರದಲ್ಲಿ 1000 ಲೀಟರ್ ಕಡಲ ನೀರನ್ನು ಸಿಹಿಯಾಗಿಸಲು 3ರಿಂದ 4 ಯುನಿಟ್ ವಿದ್ಯುತ್ ಬೇಕು. 600 ಮೀಟರ್ ಏರಿಸುವ ಖರ್ಚನ್ನೂ ಕೂಡಿಸಿ 6 ಯುನಿಟ್ ಎಂದು ಹಿಡಿದರೂ ತೊಟ್ಟಿಯ ವರ್ಷದ ನೀರಿಗೆ ನಾಲ್ಕೈದು ಯುನಿಟ್. ಆದರೆ ಗಿಡಕ್ಕೆ ಬೆಳಕು ಕೊಡುವ 50 ವಾಟಿನ ಎಲ್.ಇ.ಡಿ. ದೀಪ ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ 219 ಯುನಿಟ್. ನೀರಿಗಿಂತ ಸುಮಾರು 50 ಪಟ್ಟು. ಅಪರಾಧಪ್ರಜ್ಞೆ ಇರಲೇಬೇಕೆಂದರೆ ಅದು ದೀಪದ ಬಗ್ಗೆ ಇರಲಿ. ತೊಟ್ಟಿಯನ್ನು ಕಿಟಕಿಯ ಬಳಿಗೆ ಸರಿಸಿ, ದಪ್ಪನೆಯ ಪರದೆಯನ್ನು ಬೆಳಗಿನ ಹೊತ್ತು ತೆರೆದರೆ ಅರ್ಧ ಪಾಪ ಕಳೆಯುತ್ತದೆ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಮಾತ್ರ ಕೆಳಗಿನ ಗಿಡಗಳಿಗೋ ಖರ್ಜೂರದ ಬುಡಕ್ಕೋ ಸುರಿಯಬಾರದು. ರಿಯಾದಿನ ಬಳಸಿದ ನೀರಿನ ಒಂದು ಭಾಗ ಶುದ್ಧೀಕರಣಗೊಂಡು ವಾದಿ ಹನೀಫಾ ಕಣಿವೆಯಲ್ಲಿ ಹರಿದು, ದಕ್ಷಿಣದ ಹಾಯಿರ್ ಕಡೆ ಜೊಂಡು ಬೆಳೆದ ಜೌಗಾಗಿದೆ. ಕಸದ ಗುಂಡಿಯಾಗಿದ್ದ ಆ ಕಣಿವೆಯನ್ನು ಸರಿಪಡಿಸಿದ ಯೋಜನೆಗೆ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. ಜುಬೈಲಿನಲ್ಲಿ ಉಪ್ಪು ಕಳಚಿಟ್ಟ ಕಡಲು ನಗರದ ಕೊಳೆ ಹೊತ್ತು ಅಲ್ಲಿ ಬಿದಿರುಮೆಳೆಯಂಥ ಜೊಂಡಿನ ನಡುವೆ ಹಕ್ಕಿಗಳಿಗೆ ಒದಗುತ್ತಿದೆ.

ನಿಜವಾದ ನೈತಿಕ ಪ್ರಶ್ನೆ ನೀರಿನದಲ್ಲ, ಗಿಡ ಎಲ್ಲಿಂದ ಬಂತು ಎಂಬುದು. ದಮ್ಮಾಮಿಗೆ ವಾರಾಂತ್ಯದಲ್ಲಿ ಹೋದವರು ಕತೀಫ್, ಸಫ್ವಾಗಳ ಬಳಿ ತಾರೂತ್ ಕೊಲ್ಲಿಯ ಕಾಂಡ್ಲಾಗಳನ್ನು ನೋಡಬಹುದು. ತೈಲದ ಹಣ ಹರಿದ ದಶಕಗಳಲ್ಲಿ ಅಲ್ಲಿನ ಕಾಂಡ್ಲಾ ವನದ ದೊಡ್ಡ ಭಾಗದ ಮೇಲೆ ಮಣ್ಣು ತುಂಬಿಸಿ ರಸ್ತೆ, ಬಡಾವಣೆಗಳನ್ನು ಕಟ್ಟಲಾಯಿತು. 1991ರ ಯುದ್ಧದಲ್ಲಿ ಕುವೈತಿನಿಂದ ತೇಲಿಬಂದ ತೈಲ ಜುಬೈಲಿನ ಉತ್ತರದ ತೀರವನ್ನೆಲ್ಲ ಮೆತ್ತಿತು. ಉಳಿದವಕ್ಕೆ ಈಗ ಕಾನೂನಿನ ರಕ್ಷಣೆಯಿದೆ. 2021ರಲ್ಲಿ ಘೋಷಿತವಾದ ಸೌದಿ ಹಸಿರು ಯೋಜನೆ ಮುಂದಿನ ದಶಕಗಳಲ್ಲಿ 1000 ಕೋಟಿ ಮರಗಳ ಮಾತಾಡುತ್ತದೆ. ಕಾಂಡ್ಲಾವೂ ಅದರಲ್ಲಿ ಸೇರಿದೆ. ಇಂಥ ಅಭಿಯಾನಗಳಲ್ಲಿ, ಯಾವ ದೇಶದಲ್ಲೇ ಆಗಲಿ, ನೆಟ್ಟ ಸಸಿಗಳ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ. ಐದು ವರ್ಷದ ನಂತರ ಬದುಕುಳಿದವುಗಳ ಸಂಖ್ಯೆಯನ್ನು ಹುಡುಕಬೇಕಾಗುತ್ತದೆ.

ಕರ್ನಾಟಕದ ಕಡೆ ತಿರುಗಿದರೆ ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯ ಪ್ರಕಾರ ದೇಶದಲ್ಲಿ 4,992 ಚದರ ಕಿಲೋಮೀಟರ್ ಕಾಂಡ್ಲಾ ಇದ್ದರೆ ಕರ್ನಾಟಕದ ಪಾಲು 13. 1990ರ ದಶಕದ ಸೀಗಡಿ ಹುಚ್ಚಿನಲ್ಲಿ ಗಜನಿ ಭೂಮಿಯನ್ನೂ ಕಾಂಡ್ಲಾ ಅಂಚುಗಳನ್ನೂ ಕೊರೆದು ಹೊಂಡ ಮಾಡಲಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದ ಸೀಗಡಿ ಕೊಳಗಳ ವಿರುದ್ಧ ತೀರ್ಪು ಕೊಡುವಷ್ಟರಲ್ಲಿ ಬಹಳಷ್ಟು ಕೆಟ್ಟುಹೋಗಿತ್ತು.  ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಅದೇ ಅಳಿವೆಯ ತದಡಿಯಲ್ಲಿ ಭಾರೀ ಉಷ್ಣವಿದ್ಯುತ್ ಸ್ಥಾವರ ಬರಲಿದ್ದುದನ್ನು ತಡೆದದ್ದು ಅಲ್ಲಿನ ಮೀನುಗಾರರ, ರೈತರ ವಿರೋಧವೆಂಬುದನ್ನು ಮಾನ್ಯತೆಯ ಸಂಭ್ರಮದಲ್ಲಿ ಮರೆಯಲಾಗುತ್ತಿದೆ.

ಕಣ್ಣೂರಿನ ಪಳಯಂಗಾಡಿಯ ಕಲ್ಲೇನ್ ಪೊಕ್ಕುಡನ್ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದುವರಿಯುವುದು ಸಲ್ಲದು. ಪುಲಯ ಸಮುದಾಯದಲ್ಲಿ ಹುಟ್ಟಿ, ಹೊಲದ ಕೂಲಿಯಾಗಿ ದುಡಿದು, ಕಮ್ಯುನಿಸ್ಟ್ ಪಕ್ಷದಲ್ಲಿ ಕೆಲಸಮಾಡಿ ಅದರಿಂದ ದೂರವಾದ ಈ ಮನುಷ್ಯ 1989ರಲ್ಲಿ ತನ್ನ ಊರಿನ ಹೊಳೆದಂಡೆಯಲ್ಲಿ ಕಾಂಡ್ಲಾ ನೆಡತೊಡಗಿದರು. ಹುಚ್ಚನೆಂದು ನಕ್ಕವರಿದ್ದರು, ನೆಟ್ಟದ್ದನ್ನು ಕಿತ್ತವರಿದ್ದರು. 2015ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಂಡಲ್ ಪೊಕ್ಕುಡನ್ ಎಂದೇ ಹೆಸರಾಗಿದ್ದರು. ಕಾಂಡ್ಲಾದ ಬಗೆಗಿನ ಜ್ಞಾನ ಯಾರ ಬಳಿ ಇತ್ತು, ಪ್ರಮಾಣಪತ್ರ ಯಾರಿಗೆ ಸಿಗುತ್ತಿತ್ತು ಎಂಬ ಪ್ರಶ್ನೆಯನ್ನು ಅವರ ಬದುಕು ಎತ್ತುತ್ತದೆ. ಈ ಪಕ್ಕದೂರಿನ ಮನುಷ್ಯ ಕನ್ನಡದ ಓದುಗರಿಗೆ ಇನ್ನಷ್ಟು ಪರಿಚಿತರಾಗಬೇಕಿತ್ತು.

ಆದುದರಿಂದ ತಾರೂತಿನಿಂದ ಸಸಿ ಕೀಳುವುದೂ ಬೇಡ, ರಜೆಗೆ ಹೋದವರು ಕುಂದಾಪುರದಿಂದ ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರುವುದೂ ಬೇಡ. ಎರಡನೆಯದು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಆಮದು. ಸಿಕ್ಕಿಬಿದ್ದರೆ ಗಿಡವೂ ಹೋಗುತ್ತದೆ, ಕೆಲಸಕ್ಕೂ ಕುತ್ತು. ಅಕ್ವೇರಿಯಂ ವ್ಯಾಪಾರದಲ್ಲಿ ಸಿಗುವುದು ಬಹುಪಾಲು ಅಮೆರಿಕದ ಕೆಂಪು ಕಾಂಡ್ಲಾ, ರೈಝೋಫೋರಾ ಮ್ಯಾಂಗಲ್. ಅದನ್ನು ಅಂಗಡಿಯಿಂದ ಮೂಲ ಕೇಳಿ ಕೊಳ್ಳಬಹುದು. ಊರಿನ ಗಿಡವಲ್ಲವೆಂಬ ಕೊರಗಿದ್ದರೆ ಅದನ್ನು ಸಹಿಸಿಕೊಳ್ಳಬೇಕಾಗುತ್ತದೆ.

ಗಿಡ ನಿಧಾನವಾಗಿ ಬೆಳೆಯುತ್ತದೆ, ಆದರೆ ನಿಲ್ಲುವುದಿಲ್ಲ. ಮೂರನೆಯ ನಾಲ್ಕನೆಯ ವರ್ಷದಲ್ಲಿ ಬೇರುಗಾಲುಗಳು ಕಾಂಡದಿಂದ ಹೊರಟು ಬಾಗಿ ಮರಳಿಗಿಳಿಯುತ್ತವೆ. ಜಾಗ ಸಾಲದಿದ್ದರೆ ಗಾಜಿನ ಅಂಟುಸಂದನ್ನು ಒತ್ತುತ್ತವೆ. ಬೇರೆ ಗಿಡಗಳಂತೆ ಇದನ್ನು ಎಲ್ಲೆಂದರಲ್ಲಿ ಕತ್ತರಿಸಲಾಗದು. ರೈಝೋಫೋರಾದ ಹಳೆಯ ಕೊಂಬೆಗಳಲ್ಲಿ ಮತ್ತೆ ಚಿಗುರುವ ಮೊಗ್ಗುಗಳು ಉಳಿದಿರುವುದಿಲ್ಲ. ಎಲೆಯಿಲ್ಲದ ಭಾಗದವರೆಗೆ ಕಡಿದರೆ ಆ ಕೊಂಬೆ ಸತ್ತಂತೆಯೇ. ಎಳೆಯ ತುದಿಗಳನ್ನು ಆಗಾಗ ಚಿವುಟಬಹುದು, ಅಷ್ಟೆ. ಅವಿಸೆನ್ನಿಯಾ ಕಡಿದಷ್ಟೂ ಚಿಗುರುತ್ತದೆ. ಒಂಟೆಗಳು ತಲೆಮಾರುಗಳಿಂದ ಅದನ್ನು ಮೇಯ್ದಿವೆ.

ಮರವಾದರೆ ಅದರ ಆಯುಸ್ಸು ದಶಕಗಳದು. ಬೆಳೆಸುವವನ ಇಕಾಮಾ ಆಗಾಗ ನವೀಕರಣಗೊಳ್ಳಬೇಕಾದ ಪರವಾನಗಿ, ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಎಕ್ಸಿಟ್ ಹೊಡೆಸಿಕೊಂಡು ಹೊರಡಬೇಕಾದ ದಿನಗಳು ಎಣಿಕೆಯವು. ಕುಂಡದಲ್ಲಿ ನೆಡಬೇಕೆಂದು ಹೇಳಿದ್ದು ಇದಕ್ಕಾಗಿ. ಹೊರಡುವವನು ಗಿಡವನ್ನು ಒಯ್ಯಲಾರ. ಅಮೆರಿಕದ ಜಾತಿಯಾದ್ದರಿಂದ ಅದನ್ನು ದಮ್ಮಾಮಿನ ತೀರದಲ್ಲೋ ಹಾಯಿರ್ ಜೌಗಿನಲ್ಲೋ ಬಿಟ್ಟುಬರುವುದು ಎಷ್ಟು ಮಾತ್ರಕ್ಕೂ ಸಲ್ಲದು. ಕುಂಡವನ್ನು ಮರಳಿನಿಂದ ಎತ್ತಿ, ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಅದೇ ತೊಟ್ಟಿಯ ಒಂದೆರಡು ಬಕೆಟ್ ನೀರಿನೊಡನೆ ಇನ್ನೊಬ್ಬರ ಮನೆಗೆ ಸಾಗಿಸಬೇಕು. ಜೊತೆಗೆ ನೋಟುಪುಸ್ತಕವನ್ನೂ ಕೊಡಬೇಕು. ಉಪ್ಪಿನ ಮಟ್ಟ ಎಷ್ಟಿತ್ತು, ಕೊನೆಯ ಸಲ ನೀರು ಬದಲಾಯಿಸಿದ್ದು ಯಾವಾಗ, ಬೇಸಗೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ತುಂಬಿಸಬೇಕಾಗುತ್ತಿತ್ತು ಎಂಬುದನ್ನು, ಪಡೆಯುವವನು ಕನ್ನಡ ಬಾರದವನಾದರೆ ಅವನಿಗೆ ತಿಳಿಯುವ ಭಾಷೆಯಲ್ಲಿ, ಮೊದಲ ಪುಟದಲ್ಲೇ ಬರೆದಿಡಬೇಕು.